ಉಪನ್ಯಾಸ ಆಲಿಸುವಿಕೆ ಮತ್ತು ಟಿಪ್ಪಣಿ

ಉಪನ್ಯಾಸ ಟಿಪ್ಪಣಿ ಎಂದರೆ ತರಗತಿಯಲ್ಲಿ ಅಧ್ಯಾಪಕರು ಹೇಳುವುದನ್ನು ಆಲಿಸಿ, ಮುಖ್ಯವಾದುದನ್ನು ಆಯ್ದು, ಮುಂದೆ ಓದಿಕೊಳ್ಳಲು ಅನುಕೂಲವಾಗುವಂತೆ ವಿದ್ಯಾರ್ಥಿ ಸ್ಥಳದಲ್ಲಿಯೇ ತನ್ನ ಮಾತಿನಲ್ಲಿ ಬರೆದುಕೊಳ್ಳುವ ಸಂಕ್ಷಿಪ್ತ ಬರೆಹ. ಕಾಲೇಜು ವಿದ್ಯಾರ್ಥಿಯ ಅಧ್ಯಯನ ಕೌಶಲಗಳಲ್ಲಿ ಆಲಿಸುವಿಕೆಯನ್ನೂ ಟಿಪ್ಪಣಿಯನ್ನೂ ಒಟ್ಟಿಗೆ ಹೇಳುವುದು ರೂಢಿ. ತರಗತಿಯಲ್ಲಿ ಇವೆರಡೂ ಒಂದೇ ಹೊತ್ತಿನಲ್ಲಿ ನಡೆಯುವುದೂ ಒಂದರ ದೋಷ ಇನ್ನೊಂದರಲ್ಲಿ ಕಾಣಿಸಿಕೊಳ್ಳುವುದೂ ಇದಕ್ಕೆ ಕಾರಣ.

ಕಾಲೇಜುಗಳಲ್ಲಿ ‘ನೋಟ್ಸ್’ ಎಂಬ ಒಂದೇ ಮಾತು ಮೂರು ಬೇರೆ ವಸ್ತುಗಳಿಗೆ ಸಲ್ಲುತ್ತದೆ. ವಿದ್ಯಾರ್ಥಿ ತಾನೇ ಆಯ್ದು ಬರೆದದ್ದು ಒಂದು. ಅಧ್ಯಾಪಕರು ನಿಧಾನವಾಗಿ ಹೇಳಿ ಬರೆಸಿದ್ದು ಇನ್ನೊಂದು. ಜೆರಾಕ್ಸ್ ಅಂಗಡಿಯಲ್ಲಿಯೋ ಮೊಬೈಲಿನಲ್ಲಿಯೋ ಸಿಗುವ ಸಿದ್ಧ ಪ್ರತಿ ಮೂರನೆಯದು. ಈ ಲೇಖನದಲ್ಲಿ ಟಿಪ್ಪಣಿ ಎಂದರೆ ಮೊದಲನೆಯದು ಮಾತ್ರ. ಉಳಿದೆರಡನ್ನು ಕ್ರಮವಾಗಿ ‘ಹೇಳಿ ಬರೆಸಿದ ಪಾಠ’, ‘ಸಿದ್ಧ ಪ್ರತಿ’ ಎಂದು ಕರೆದಿದೆ. ಧ್ವನಿ ಕಿವಿಗೆ ಬೀಳುವುದು ಕೇಳಿಸುವಿಕೆ. ಅದಕ್ಕೆ ಗಮನ ಕೊಟ್ಟು ಅರ್ಥ ಕಟ್ಟಿಕೊಳ್ಳುವುದು ಆಲಿಸುವಿಕೆ. ಸರ್ಕಾರಿ ಕಡತದ ಟಿಪ್ಪಣಿ ಹಾಳೆ, ಕಾವ್ಯಗಳ ಅಡಿಟಿಪ್ಪಣಿ, ಪ್ರಶ್ನೆಪತ್ರಿಕೆಯಲ್ಲಿ ‘ಟಿಪ್ಪಣಿ ಬರೆಯಿರಿ’ ಎಂದು ಕೇಳುವ ಕಿರು ಉತ್ತರ ಇವು ಇಲ್ಲಿಯ ವಿಷಯವಲ್ಲ.

ಹಿನ್ನೆಲೆ

ಭಾರತದ ಪ್ರಾಚೀನ ವಿದ್ಯಾಭ್ಯಾಸದಲ್ಲಿ ಆಲಿಸುವಿಕೆಗೆ ಬರೆಹಕ್ಕಿಂತ ಮೇಲಿನ ಸ್ಥಾನವಿತ್ತು. ವೇದವನ್ನು ಗುರುಮುಖದಿಂದ ಕೇಳಿ ಬಾಯಿಪಾಠ ಮಾಡುತ್ತಿದ್ದರು. ಪದ, ಕ್ರಮ, ಜಟಾ, ಘನ ಮುಂತಾದ ಪಾಠಕ್ರಮಗಳು ಒಂದು ಅಕ್ಷರವೂ ತಪ್ಪದಂತೆ ಕಾವಲಿದ್ದವು. ಬೃಹದಾರಣ್ಯಕೋಪನಿಷತ್ತು ಜ್ಞಾನದ ದಾರಿಯಾಗಿ ಶ್ರವಣ, ಮನನ, ನಿದಿಧ್ಯಾಸನಗಳನ್ನು ಹೇಳುತ್ತದೆ. ಮೂರರಲ್ಲಿ ಬರೆಹದ ಪ್ರಸ್ತಾಪವಿಲ್ಲ. ಬರೆಯುವ ಸಾಧನಗಳೂ ಮಾತಿನ ಓಟಕ್ಕೆ ಒಗ್ಗುವಂಥವಾಗಿರಲಿಲ್ಲ. ಓಲೆಗರಿಯ ಮೇಲೆ ಕಂಟವೆಂಬ ಮೊನಚು ಕಡ್ಡಿಯಿಂದ ಅಕ್ಷರ ಕೊರೆದು, ಆಮೇಲೆ ಮಸಿ ತಿಕ್ಕಬೇಕಿತ್ತು. ಹುಣಸೆಬೀಜದ ಸರಿಗೆ ಇದ್ದಿಲು ಬೆರೆಸಿ ಬಳಿದ ಬಟ್ಟೆಯ ಕಡತ ಅಳಿಸಿ ಬರೆಯಲು ಬರುತ್ತಿತ್ತು. ಆದರೆ ಅದರ ಮೇಲೆ ಬಳಪದಲ್ಲಿ ಬರೆದದ್ದು ಬಹುಪಾಲು ಲೆಕ್ಕಪತ್ರ. ತರಗತಿಯಲ್ಲಿ ಕುಳಿತು ಟಿಪ್ಪಣಿ ಮಾಡಿಕೊಳ್ಳುವ ರೂಢಿ ಕನ್ನಡ ನಾಡಿಗೆ ಕಾಗದ, ಲೇಖನಿ ಮತ್ತು ಹತ್ತೊಂಬತ್ತನೆಯ ಶತಮಾನದ ಕಾಲೇಜುಗಳ ಜೊತೆಗೆ ಬಂತು.

ಗ್ರೀಸ್–ರೋಮುಗಳಲ್ಲಿ ಈ ಅಭ್ಯಾಸ ಹಳೆಯದು. ರೋಮಿನ ವಾಗ್ಮಿ ಸಿಸೆರೊನ ಕಾರ್ಯದರ್ಶಿ ಟೈರೊ ಬಳಸಿದ ಸಂಕೇತಗಳು ಅವನ ಹೆಸರಿನ ಶೀಘ್ರಲಿಪಿಯಾಗಿ ಮಧ್ಯಯುಗದವರೆಗೂ ಉಳಿದವು. ಏನನ್ನೂ ಬರೆಯದ ತತ್ತ್ವಜ್ಞಾನಿ ಎಪಿಕ್ಟೆಟಸ್‌ನ ಪಾಠಗಳು ನಮಗೆ ದೊರೆತಿರುವುದು ಶಿಷ್ಯ ಅರಿಯನ್ ಬರೆದಿಟ್ಟುಕೊಂಡದ್ದರಿಂದ.

ಮಧ್ಯಯುಗದ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಉಪನ್ಯಾಸವೆಂದರೆ ಗುರು ಗ್ರಂಥವನ್ನು ಓದಿ ವ್ಯಾಖ್ಯಾನಿಸುವುದು. ಗ್ರಂಥದ ಬೆಲೆ ಹೆಚ್ಚು, ಪ್ರತಿಗಳು ಕಡಿಮೆ. ಬೊಲೋನ್ಯ, ಪ್ಯಾರಿಸ್‌ಗಳಲ್ಲಿ ಪರವಾನಗಿ ಪಡೆದ ಅಂಗಡಿಯವರು ಗ್ರಂಥದ ಬಿಡಿ ಭಾಗಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ವಿದ್ಯಾರ್ಥಿಗಳು ಅವನ್ನು ನಕಲು ಮಾಡಿಕೊಂಡು ಹಿಂದಿರುಗಿಸುತ್ತಿದ್ದರು. ಪದ ಬಿಡದೆ ಬರೆದುಕೊಳ್ಳುವಷ್ಟು ನಿಧಾನವಾಗಿ ಹೇಳಬೇಕೆಂಬ ಒತ್ತಾಯ ಆಗಲೇ ಇತ್ತು. ಪ್ಯಾರಿಸ್ ವಿಶ್ವವಿದ್ಯಾಲಯದ ಕಲಾ ವಿಭಾಗ 1355ರಲ್ಲಿ ಇದನ್ನು ನಿಯಮ ಮಾಡಿ ತಡೆಯಿತು. ಗುರು ಸಹಜ ವೇಗದಲ್ಲಿಯೇ ಮಾತಾಡಬೇಕು, ಬರೆಸುವಂತೆ ಎಳೆದೆಳೆದು ಹೇಳಕೂಡದು. ಇದನ್ನು ಪ್ರತಿಭಟಿಸಿ ಕೂಗುವ, ಸಿಳ್ಳು ಹಾಕುವ, ಕಲ್ಲೆಸೆಯುವ ವಿದ್ಯಾರ್ಥಿಗಳಿಗೂ ಶಿಕ್ಷೆಯುಂಟು. ಕಲ್ಲಿನ ಮಾತು ನಿಯಮದಲ್ಲಿಯೇ ಬಂದಿರುವುದನ್ನು ನೋಡಿದರೆ ವಿರೋಧದ ಬಿಸಿ ಊಹಿಸಬಹುದು.

ಶಿಷ್ಯರ ಟಿಪ್ಪಣಿಯೇ ಗ್ರಂಥವಾದುದಕ್ಕೆ ಆಧುನಿಕ ಕಾಲದ ಪ್ರಸಿದ್ಧ ಉದಾಹರಣೆ ಭಾಷಾವಿಜ್ಞಾನದ್ದು. ಫರ್ಡಿನಾಂಡ್ ದ ಸೊಸೂರ್ 1907ರಿಂದ 1911ರ ನಡುವೆ ಜಿನೀವಾದಲ್ಲಿ ಮೂರು ಸರಣಿ ಪಾಠ ಮಾಡಿ, ಅವನ್ನು ಪುಸ್ತಕವಾಗಿಸದೆ 1913ರಲ್ಲಿ ತೀರಿಕೊಂಡ. ಸಹೋದ್ಯೋಗಿಗಳಾದ ಬಾಯಿ ಮತ್ತು ಸೆಶೆಹೆ ವಿದ್ಯಾರ್ಥಿಗಳ ನೋಟ್‌ಪುಸ್ತಕಗಳನ್ನು ಕಲೆಹಾಕಿ 1916ರಲ್ಲಿ ‘ಸಾಮಾನ್ಯ ಭಾಷಾವಿಜ್ಞಾನದ ಪಾಠಗಳು’ ಎಂಬ ಕೃತಿಯನ್ನು ಹೊರತಂದರು. ಆ ಪಾಠಗಳನ್ನು ಇವರಿಬ್ಬರೂ ತರಗತಿಯಲ್ಲಿ ಕುಳಿತು ಕೇಳಿದವರಲ್ಲ. ಸೊಸೂರ್ ನಿಜವಾಗಿ ಏನು ಹೇಳಿದ, ಸಂಪಾದಕರು ಏನು ಸೇರಿಸಿದರು ಎಂಬ ಚರ್ಚೆ, ಮುಂದೆ ದೊರೆತ ಇತರ ವಿದ್ಯಾರ್ಥಿಗಳ ಟಿಪ್ಪಣಿಗಳ ಆಧಾರದಿಂದ, ಈಗಲೂ ನಡೆದಿದೆ.

ಬಂಗಾಳದ ಇಬ್ಬರು ಗುರುಗಳ ಮಾತನ್ನು ಬರೆದಿಟ್ಟ ಕ್ರಮದಲ್ಲಿ ಎರಡು ವಿರುದ್ಧ ವಿಧಾನಗಳು ಕಾಣುತ್ತವೆ. ಶಾಲಾ ಶಿಕ್ಷಕರಾಗಿದ್ದ ಮಹೇಂದ್ರನಾಥ ಗುಪ್ತರು ರಾಮಕೃಷ್ಣ ಪರಮಹಂಸರ ಮಾತನ್ನು ಎದುರಿಗೆ ಕುಳಿತು ಬರೆದುಕೊಳ್ಳುತ್ತಿರಲಿಲ್ಲ. ಮನೆಗೆ ಬಂದು ನೆನಪಿನಿಂದ ದಿನಚರಿಯಲ್ಲಿ ಬರೆಯುತ್ತಿದ್ದರು. ಅದು ‘ಕಥಾಮೃತ’ವಾಗಿ ಬೆಳೆಯಿತು, ಕನ್ನಡಿಗರು ಅದನ್ನು ‘ವಚನವೇದ’ವೆಂದು ಬಲ್ಲರು. ಸ್ವಾಮಿ ವಿವೇಕಾನಂದರ ಉಪನ್ಯಾಸಗಳನ್ನು 1895ರ ಕೊನೆಯಿಂದ ಬರೆದುಕೊಂಡ ಜೆ.ಜೆ. ಗುಡ್ವಿನ್ ವೃತ್ತಿಯಿಂದ ಶೀಘ್ರಲಿಪಿಕಾರರು. ಆಡಿದ ಮಾತನ್ನು ಆಡಿದಂತೆಯೇ ಹಿಡಿದವರು. 1898ರಲ್ಲಿ ಉದಕಮಂಡಲದಲ್ಲಿ ತೀರಿಕೊಂಡರು. ಕಾಲೇಜು ಟಿಪ್ಪಣಿ ಈ ಎರಡು ವಿಧಾನಗಳ ನಡುವೆ ಬರುತ್ತದೆ. ಅದು ಸ್ಥಳದಲ್ಲಿಯೇ ಆಗಬೇಕು, ಆದರೆ ಆಡಿದ್ದೆಲ್ಲ ಅದರಲ್ಲಿರಬೇಕಿಲ್ಲ.

ಪ್ರಾಯೋಗಿಕ ಅಧ್ಯಯನ ಶುರುವಾದದ್ದು ಅಮೆರಿಕದಲ್ಲಿ. ಸಿ.ಸಿ. ಕ್ರಾಫರ್ಡ್ 1925ರಲ್ಲಿ ಕಾಲೇಜು ಟಿಪ್ಪಣಿಗಳಿಗೂ ಪರೀಕ್ಷೆಯ ಅಂಕಗಳಿಗೂ ಇರುವ ಸಂಬಂಧದ ಪ್ರಯೋಗಗಳನ್ನು ಪ್ರಕಟಿಸಿದರು. ಮಿನೆಸೋಟ ವಿಶ್ವವಿದ್ಯಾಲಯದ ರಾಲ್ಫ್ ನಿಕೋಲ್ಸ್ ಆಲಿಸುವಿಕೆಯನ್ನು ಕಲಿಸಬಹುದಾದ ಕೌಶಲವೆಂದು ವಾದಿಸಿ, ಲಿಯೊನಾರ್ಡ್ ಸ್ಟೀವನ್ಸ್ ಜೊತೆ 1957ರಲ್ಲಿ ಪುಸ್ತಕ ಬರೆದರು. ಡಿ ವೆಸ್ಟಾ ಮತ್ತು ಗ್ರೇ 1972ರಲ್ಲಿ ಟಿಪ್ಪಣಿಗೆ ಎರಡು ಕೆಲಸಗಳಿವೆಯೆಂದು ಗುರುತಿಸಿದರು. ಬರೆಯುವಾಗಲೇ ವಿಷಯ ಮನಸ್ಸಿನಲ್ಲಿ ಅಚ್ಚಾಗುವುದು ಮೊದಲನೆಯದು. ಬರೆದದ್ದು ನೆನಪಿನ ಹೊರಗಿನ ಭಂಡಾರವಾಗಿ ಮುಂದೆ ಓದಲು ಒದಗುವುದು ಎರಡನೆಯದು. ಈಗಲೂ ಸಂಶೋಧನೆ ಈ ವಿಂಗಡಣೆಯನ್ನು ಬಿಟ್ಟಿಲ್ಲ.

ಆಲಿಸುವ ಕ್ರಿಯೆ

ಟಿಪ್ಪಣಿಯ ಕಷ್ಟವೆಲ್ಲ ವೇಗದ ಲೆಕ್ಕದಲ್ಲಿದೆ. ಮಾತು ಸೆಕೆಂಡಿಗೆ ಎರಡು–ಮೂರು ಪದಗಳಂತೆ ಹರಿದರೆ, ಕೈಬರೆಹ ಸೆಕೆಂಡಿಗೆ 0.2ರಿಂದ 0.3 ಪದ ಮಾತ್ರ ಸಾಗುತ್ತದೆಂದು ಪಿಯೊಲಾ, ಒಲಿವ್, ಕೆಲಾಗ್ ಅವರ 2005ರ ಸಮೀಕ್ಷೆ ಹೇಳುತ್ತದೆ. ಅಂದರೆ ಹತ್ತರಲ್ಲಿ ಒಂಬತ್ತು ಪಾಲು ಬಿಟ್ಟುಹೋಗಲೇಬೇಕು. ಏನು ಬಿಡಬೇಕೆಂದು ವಿದ್ಯಾರ್ಥಿ ತೀರ್ಮಾನಿಸದಿದ್ದರೆ ಕೈಯ ಆಯಾಸವೇ ತೀರ್ಮಾನಿಸುತ್ತದೆ.

ಇದೇ ಹೊತ್ತಿಗೆ ಮನಸ್ಸಿಗೆ ಬಿಡುವು ಹೆಚ್ಚು. ಯೋಚನೆಯ ವೇಗ ಮಾತಿನ ವೇಗಕ್ಕಿಂತ ಬಹಳ ಮುಂದಿರುವುದರಿಂದ, ಮಿಕ್ಕ ಬಿಡುವಿನಲ್ಲಿ ಮನಸ್ಸು ಊಟಕ್ಕೋ ಬಸ್ಸಿನ ಹೊತ್ತಿಗೋ ಜಾರುತ್ತದೆ ಎಂಬುದು ನಿಕೋಲ್ಸ್ ಅವರ ವಿವರಣೆ. ಒಳ್ಳೆಯ ಆಲಿಸುಗ ಅದೇ ಬಿಡುವನ್ನು ಮುಂದಿನ ಅಂಶ ಊಹಿಸಲು, ಹೇಳಿದ್ದಕ್ಕೂ ಸಾಕ್ಷ್ಯಕ್ಕೂ ತಾಳೆ ನೋಡಲು, ಮನಸ್ಸಿನಲ್ಲೇ ಒಂದು ಸಾಲಿನ ಸಾರ ಕಟ್ಟಲು ಬಳಸುತ್ತಾನೆ. ಕೇಳಿದ್ದನ್ನು ಬರೆಯುವವರೆಗೆ ಹಿಡಿದಿಡುವ ಅಲ್ಪಾವಧಿ ಸ್ಮೃತಿಯ ಗಾತ್ರ ಸಣ್ಣದು. ಬ್ಯಾಡ್ಲಿ ಮತ್ತು ಹಿಚ್ 1974ರಲ್ಲಿ ಮಂಡಿಸಿದ ಮಾದರಿಯ ಪ್ರಕಾರ ಹಿಡಿದಿಡುವ ಕೆಲಸವೂ ಅರ್ಥ ಮಾಡಿಕೊಳ್ಳುವ ಕೆಲಸವೂ ಒಂದೇ ಸೀಮಿತ ಶಕ್ತಿಯನ್ನು ಹಂಚಿಕೊಳ್ಳುತ್ತವೆ. ವಿಷಯದ ಪೂರ್ವಪರಿಚಯವಿದ್ದವರಿಗೆ ಈ ಹೊರೆ ಇಳಿಯುತ್ತದೆ. ಪಾಠಕ್ಕೆ ಮುಂಚೆ ಅಧ್ಯಾಯವನ್ನು ಒಮ್ಮೆ ತಿರುವಿ ನೋಡಿ ಬರಬೇಕೆಂಬ ಸಲಹೆಗೆ ಆಧಾರ ಇದೇ.

ಹೊರಗಿನ ತೊಡಕುಗಳು ಎಲ್ಲರಿಗೂ ಗೊತ್ತಿರುವಂಥವು: ಫ್ಯಾನಿನ ಸದ್ದು, ಕಾರಿಡಾರಿನ ಮಾತು, ಗೋಡೆಯಿಂದ ಗೋಡೆಗೆ ಮೊಳಗುವ ಕೊಠಡಿ, ಹಿಂಬೆಂಚಿಗೆ ತಲುಪದ ದನಿ, ಕೈಯಲ್ಲಿರುವ ಮೊಬೈಲು.

ಕೆಲವು ಜನಪ್ರಿಯ ಅಂಕಿಗಳನ್ನು ಇಲ್ಲಿ ಎಚ್ಚರದಿಂದ ನೋಡಬೇಕು. ಓದಿದ್ದರಲ್ಲಿ ಶೇ. 10, ಕೇಳಿದ್ದರಲ್ಲಿ ಶೇ. 20 ನೆನಪಿರುತ್ತದೆ ಎಂಬ ಗೋಪುರಚಿತ್ರ ಶಿಕ್ಷಕರ ತರಬೇತಿಗಳಲ್ಲಿ ಎಡ್ಗರ್ ಡೇಲ್ ಹೆಸರಿನಲ್ಲಿ ಓಡಾಡುತ್ತದೆ. ಡೇಲ್ 1946ರಲ್ಲಿ ಕೊಟ್ಟ ಚಿತ್ರದಲ್ಲಿ ಯಾವ ಅಂಕಿಯೂ ಇರಲಿಲ್ಲ. ಉಪನ್ಯಾಸದ 10–15 ನಿಮಿಷಕ್ಕೆ ಎಲ್ಲರ ಗಮನವೂ ಕುಸಿಯುತ್ತದೆ ಎಂಬ ಮಾತಿಗೂ ಗಟ್ಟಿ ಆಧಾರವಿಲ್ಲವೆಂದು 2007ರ ವಿಲ್ಸನ್–ಕಾರ್ನ್ ವಿಮರ್ಶೆ ತೋರಿಸಿತು.

ಕನ್ನಡದ ಉಪನ್ಯಾಸ

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ನಿಷೇಧವೂ ಅದರ ಜೊತೆ ಕೊನೆಯಲ್ಲಿಯೇ. ಆಲಿಸಿ ಬರೆಯುವವನಿಗೆ ಇದರ ಪರಿಣಾಮ ದೊಡ್ಡದು. ಅಧ್ಯಾಪಕರು ಹೀಗೆ ಹೇಳಿದರೆನ್ನೋಣ: “ವಿಜಯನಗರ ಅಳಿಯುವುದಕ್ಕೆ 1565ರ ಯುದ್ಧವೊಂದೇ ಕಾರಣ ಎಂದು ಹಿಂದಿನವರು ಬರೆದದ್ದನ್ನು ಇಂದಿನ ವಿದ್ವಾಂಸರು ಪೂರ್ತಿಯಾಗಿ ಒಪ್ಪುವುದಿಲ್ಲ.” ‘ಕಾರಣ’ ಎಂಬಲ್ಲಿಗೆ ಪೆನ್ನು ಓಡಿಸಿ, ಅಷ್ಟರಲ್ಲಿ ಉಳಿದದ್ದನ್ನು ಕಳೆದುಕೊಂಡವನ ಪುಸ್ತಕದಲ್ಲಿ ಅಧ್ಯಾಪಕರ ಮಾತಿಗೆ ತದ್ವಿರುದ್ಧವಾದ ಸಾಲು ಕೂರುತ್ತದೆ. ಆದ್ದರಿಂದ ಕನ್ನಡದಲ್ಲಿ ವಾಕ್ಯ ಮುಗಿಯುವತನಕ ಕಾದು ಬರೆಯುವುದು ವೇಗವಾಗಿ ಬರೆಯುವುದಕ್ಕಿಂತ ಮುಖ್ಯ. ‘ಎಂದು’, ‘ಎಂಬ’, ‘ಎನ್ನುವವರಿದ್ದಾರೆ’ ಎಂಬ ಪದಗಳು ಕೇಳಿಬಂದರೆ ಇನ್ನೊಬ್ಬರ ಅಭಿಪ್ರಾಯ ನಡೆಯುತ್ತಿದೆ, ತೀರ್ಪು ಇನ್ನೂ ಬರಬೇಕಿದೆ ಎಂದು ತಿಳಿಯಬೇಕು.

ಪಾಠದ ತಿರುವುಗಳನ್ನು ಸೂಚಿಸುವ ಮಾತುಗಳೂ ಬಳಕೆಯಲ್ಲಿ ಗಟ್ಟಿಯಾಗಿವೆ. ‘ಮೊದಲನೆಯದಾಗಿ’ ಎಂದರೆ ಪಟ್ಟಿ ಶುರುವಾಗುತ್ತಿದೆ. ‘ಹಾಗಿದ್ದರೂ’, ‘ಆದರೆ’ ಬಂದರೆ ವಾದ ಮಗ್ಗುಲು ಬದಲಿಸುತ್ತದೆ. ‘ಹೀಗಾಗಿ’ ಫಲಿತಾಂಶದ ಸೂಚನೆ. ‘ಉದಾಹರಣೆಗೆ’ ಎಂದ ಮೇಲೆ ಕೈಗೆ ಸ್ವಲ್ಪ ಬಿಡುವು. ಬೋರ್ಡಿನ ಮೇಲೆ ಬರೆದದ್ದು, ಎರಡು ಸಲ ಹೇಳಿದ್ದು, ದನಿ ಇಳಿಸಿ ನಿಲ್ಲಿಸಿ ಹೇಳಿದ್ದು ಮುಖ್ಯವೆಂದು ಬಗೆಯಬಹುದು. ‘ಇದು ಎಕ್ಸಾಮಿಗೆ ಬರುತ್ತೆ’ ಎಂಬ ಸೂಚನೆಯನ್ನು ಯಾವ ವಿದ್ಯಾರ್ಥಿಗೂ ಹೇಳಿಕೊಡಬೇಕಾಗಿಲ್ಲ.

ಟಿಪ್ಪಣಿಯ ರಚನೆ

ಟಿಪ್ಪಣಿಯ ತಲೆಯಲ್ಲಿ ದಿನಾಂಕ, ವಿಷಯ, ಅಧ್ಯಾಯ. ಮೈಯಲ್ಲಿ ಮುಖ್ಯ ಅಂಶ ಮತ್ತು ಅದರ ಕೆಳಗೆ ಒಳಸರಿಸಿ ಬರೆದ ಉಪಾಂಶ. ಅಂಚಿನಲ್ಲಿ ಪ್ರಶ್ನೆ ಅಥವಾ ಸಂದೇಹ. ಇದರ ಕೆಲಸ ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ಕರ್ನಾಟಕ ಇತಿಹಾಸದ ಪಾಠವೊಂದರಲ್ಲಿ ಮಾತು ಹೀಗಿರಬಹುದು:

“ಮೈಸೂರು ಸಂಸ್ಥಾನದ ಕೈಗಾರಿಕೆಗೆ ತಿರುವು ಕೊಟ್ಟದ್ದು ಶಿವನಸಮುದ್ರದ ವಿದ್ಯುತ್ತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜನೆ ಕೈಗೂಡಿತು, ಆದರೆ ಅದು ಮುಗಿದದ್ದನ್ನು ನೋಡಲು ಅವರಿರಲಿಲ್ಲ, 1901ರಲ್ಲೇ ತೀರಿಕೊಂಡರು. 1902ರಲ್ಲಿ ವಿದ್ಯುತ್ ಹರಿಯಿತು. ಮೊದಲು ಹೋದದ್ದು ಬೆಂಗಳೂರಿಗಲ್ಲ, ಮೈಸೂರಿಗೂ ಅಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ. ಯಾಕೆ? ಗಣಿ ಕಂಪನಿಗಳು ದುಡ್ಡು ಕೊಟ್ಟು ಕೊಳ್ಳುವುದಕ್ಕೆ ತಯಾರಿದ್ದವು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ.”

ಇದರ ಟಿಪ್ಪಣಿ:

ಶಿವನಸಮುದ್ರ ವಿದ್ಯುತ್ → ಮೈ.ಸಂ. ಕೈಗಾರಿಕೆ ತಿರುವು
– ಶೇ.ಅ. ಕಾಲದ ಯೋಜನೆ (ನಿಧನ 1901), ಪೂರೈಕೆ 1902
– ಮೊದಲು → ಕೆಜಿಎಫ್, 147 ಕಿ.ಮೀ. ∵ ಕಂಪನಿ ಹಣ
– ಬೆಂ. ದೀಪ 1905
ಅಂಚು: ಕೆಜಿಎಫ್‌ಗೇ ಮೊದಲು ಏಕೆ?

‘ನೋಡಲು ಅವರಿರಲಿಲ್ಲ’ ಎಂಬ ಮಾತು ಆವರಣದ ಇಸವಿಯಲ್ಲಿ ಅಡಗಿದೆ. ‘ಬೆಂಗಳೂರಿಗಲ್ಲ, ಮೈಸೂರಿಗೂ ಅಲ್ಲ’ ಎಂಬುದನ್ನು ‘ಮೊದಲು’ ಎಂಬ ಒಂದು ಪದ ಹೊತ್ತಿದೆ. ಕಾರಣವನ್ನು ಮಾತ್ರ ಬಿಟ್ಟಿಲ್ಲ. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ. ಅಂಚಿನ ಪ್ರಶ್ನೆಯನ್ನು ತರಗತಿ ಮುಗಿದ ಮೇಲೆ ಬರೆದರೂ ಆದೀತು.

ಸಂಕ್ಷೇಪಿಸುವ ವಿಧಾನ ಭಾಷೆಯಿಂದ ಭಾಷೆಗೆ ಬೇರೆ. ಇಂಗ್ಲಿಷಿನಲ್ಲಿ ಸ್ವರಾಕ್ಷರ ಕಳಚಿ ಪದವನ್ನು ಮೊಟಕು ಮಾಡುವ ರೂಢಿ ಕನ್ನಡ ಲಿಪಿಗೆ ಹೊಂದುವುದಿಲ್ಲ. ಗುಣಿತಾಕ್ಷರದಲ್ಲಿ ಸ್ವರ ವ್ಯಂಜನದ ಜೊತೆಗೇ ಬರೆದುಹೋಗಿರುತ್ತದೆ. ಕನ್ನಡದಲ್ಲಿ ಉಳಿತಾಯವಾಗುವುದು ಪದದ ಬಾಲದಲ್ಲಿ: ವಿಭಕ್ತಿ, ಬಹುವಚನ, ಕ್ರಿಯಾಪದದ ಕೊನೆ. ‘ಕೈಗಾರಿಕೆಗಳ ಬೆಳವಣಿಗೆಯಾಯಿತು’ ಎಂಬುದು ‘ಕೈಗಾರಿಕೆ ಬೆಳವಣಿಗೆ’ ಆದರೆ ನಷ್ಟವಿಲ್ಲ. ಆದರೆ ಯಾರು ಯಾರನ್ನು ಎಂಬುದನ್ನು ಕನ್ನಡದಲ್ಲಿ ತೋರಿಸುವುದೂ ವಿಭಕ್ತಿಯೇ. ‘ಇಮ್ಮಡಿ ಪುಲಕೇಶಿ ಹರ್ಷ ಸೋಲು’ ಎಂದು ಬರೆದುಕೊಂಡವನಿಗೆ ತಿಂಗಳ ನಂತರ ಸೋತವರು ಯಾರೆಂಬ ಅನುಮಾನ ಬರುತ್ತದೆ. ಇಂಥಲ್ಲಿ ಬಾಣದ ಗುರುತು ಹಾಕಬೇಕು ಇಲ್ಲವೆ ‘ಅನ್ನು’, ‘ಇಂದ’, ‘ಗೆ’ಗಳನ್ನು ಉಳಿಸಿಕೊಳ್ಳಬೇಕು. ವಿ.ವಿ., ಕ್ರಿ.ಶ., ಕಿ.ಮೀ. ಮೊದಲಾದ ಒಪ್ಪಿತ ಸಂಕ್ಷೇಪಗಳು, ಗಣಿತದ =, ≠, ∴, ∵ ಗುರುತುಗಳು ಎಲ್ಲ ವಿಷಯಗಳಲ್ಲೂ ಒದಗುತ್ತವೆ. ತಾನೇ ಕಟ್ಟಿಕೊಂಡ ಗುರುತುಗಳ ಅರ್ಥವನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದಿಡುವುದು ವಾಡಿಕೆ.

ಹೆಸರು, ಇಸವಿ, ಸೂತ್ರ, ವ್ಯಾಖ್ಯೆ, ಪಾರಿಭಾಷಿಕ ಪದ ಇವನ್ನು ಮಾತ್ರ ಮೊಟಕು ಮಾಡದೆ, ಹೇಳಿದಂತೆಯೇ ಬರೆದುಕೊಳ್ಳಬೇಕು.

ಪ್ರಕಾರಗಳು

ಹೆಚ್ಚಿನವರು ತಿಳಿದೋ ತಿಳಿಯದೆಯೋ ಬಳಸುವುದು ರೂಪರೇಖೆಯ ಪ್ರಕಾರವನ್ನು: ಮುಖ್ಯ ಅಂಶ ಎಡಕ್ಕೆ, ಉಪಾಂಶ ಬಲಕ್ಕೆ ಸರಿದು. ಅಧ್ಯಾಪಕರ ಪಾಠ ವ್ಯವಸ್ಥಿತವಾಗಿದ್ದರೆ ಇದಕ್ಕಿಂತ ಸುಲಭವಾದುದಿಲ್ಲ. ಪಾಠ ಅಲೆದಾಡಿದರೆ ಇದು ಕೈಕೊಡುತ್ತದೆ.

ಅತ್ಯಂತ ಹೆಸರಾದದ್ದು ಕಾರ್ನೆಲ್ ವಿಧಾನ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಪಾಕ್ ರೂಪಿಸಿದ ಇದು ಅವರ ‘ಹೌ ಟು ಸ್ಟಡಿ ಇನ್ ಕಾಲೇಜ್’ ಪುಸ್ತಕದ ಮೂಲಕ (1962) ಹರಡಿತು. ಪುಟದ ಎಡಕ್ಕೆ ಎರಡೂವರೆ ಅಂಗುಲದ ಸೂಚಕ ಕಂಬಸಾಲು, ಬಲಕ್ಕೆ ಆರು ಅಂಗುಲದ ಟಿಪ್ಪಣಿ ಕಂಬಸಾಲು, ಕೆಳಗೆ ಎರಡು ಅಂಗುಲದ ಸಾರಾಂಶದ ಜಾಗ. ತರಗತಿಯಲ್ಲಿ ಬಲಭಾಗ ಮಾತ್ರ ತುಂಬುತ್ತದೆ. ಪಾಠ ಮುಗಿದ ಮೇಲೆ ಎಡಭಾಗದಲ್ಲಿ ಪ್ರಶ್ನೆ ಅಥವಾ ಸೂಚಕ ಪದ, ಕೆಳಗೆ ತನ್ನ ಮಾತಿನ ಸಾರಾಂಶ. ಓದಿಕೊಳ್ಳುವಾಗ ಬಲಭಾಗವನ್ನು ಕೈಯಿಂದ ಮುಚ್ಚಿ, ಎಡಗಡೆಯ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿಕೊಂಡು, ಆಮೇಲೆ ಕೈ ತೆಗೆದು ತಾಳೆ ನೋಡಬೇಕು. ಈ ವಿಧಾನದ ಬಲವಿರುವುದು ಗೆರೆ ಎಳೆಯುವುದರಲ್ಲಲ್ಲ, ಈ ಕೈ ಮುಚ್ಚುವ ಕೆಲಸದಲ್ಲಿ. ಇಲ್ಲಿಯ ಲಾಂಗ್ ಬುಕ್ಕಿನಲ್ಲಿ ಬಲಪುಟದಲ್ಲಿ ಟಿಪ್ಪಣಿ ಬರೆದು ಎಡಪುಟವನ್ನು ಖಾಲಿ ಬಿಡುವುದರಿಂದಲೂ ಇದೇ ಫಲ ಪಡೆಯಬಹುದು.

ಟೋನಿ ಬುಝಾನ್ 1970ರ ದಶಕದಲ್ಲಿ ಪ್ರಚಾರ ಮಾಡಿದ ಮನೋನಕ್ಷೆಯಲ್ಲಿ ವಿಷಯ ಪುಟದ ನಡುವೆ ಇದ್ದು ಕವಲುಗಳು ಸುತ್ತ ಹರಡುತ್ತವೆ. ಪುನರಾವಲೋಕನಕ್ಕೆ ಚೆನ್ನ, ಓಡುವ ಉಪನ್ಯಾಸದ ನಡುವೆ ಚಿತ್ರ ಬಿಡಿಸುವುದು ಕಷ್ಟ. ಹೋಲಿಕೆಯ ಪಾಠಗಳಿಗೆ ಕೋಷ್ಟಕವೇ ಸರಿ. ಅದ್ವೈತ, ವಿಶಿಷ್ಟಾದ್ವೈತ, ದ್ವೈತಗಳ ಪಾಠಕ್ಕೆ ಮೂರು ಕಂಬಸಾಲು ಎಳೆದು ಬ್ರಹ್ಮ, ಜೀವ, ಜಗತ್ತು, ಮೋಕ್ಷ ಎಂದು ಅಡ್ಡಸಾಲು ಹಾಕಿಕೊಂಡರೆ, ಖಾಲಿ ಉಳಿದ ಮನೆಯೇ ಕೇಳಬೇಕಾದ ಪ್ರಶ್ನೆಯನ್ನು ತೋರಿಸುತ್ತದೆ.

ವಿಷಯಕ್ಕೆ ತಕ್ಕಂತೆ ರೂಪ ಬದಲಾಗುತ್ತದೆ. ಗಣಿತದಲ್ಲಿ ಬೋರ್ಡಿನ ಹಂತಗಳನ್ನೆಲ್ಲ ಇಳಿಸಿಕೊಳ್ಳದೆ ಗತಿಯಿಲ್ಲ, ಆದರೆ ಒಂದು ಹಂತದಿಂದ ಮುಂದಿನದಕ್ಕೆ ಏಕೆ ಹೋದರೆಂಬುದನ್ನು ಅಧ್ಯಾಪಕರು ಬರೆಯುವುದಿಲ್ಲ, ಬಾಯಲ್ಲಿ ಹೇಳುತ್ತಾರೆ. ಉಳಿಸಿಕೊಳ್ಳಬೇಕಾದದ್ದು ಆ ಮಾತು. ಕಾನೂನು ವಿದ್ಯಾರ್ಥಿಗಳು ಪ್ರತಿ ಪ್ರಕರಣವನ್ನೂ ಸಂಗತಿ, ವಿವಾದಾಂಶ, ತೀರ್ಪು, ಕಾರಣ ಎಂಬ ಕಟ್ಟಿನಲ್ಲಿ ಬರೆಯುತ್ತಾರೆ.

ಕೈಬರೆಹ ಮತ್ತು ಕೀಲಿಮಣೆ

ಮುಲ್ಲರ್ ಮತ್ತು ಓಪನ್‌ಹೈಮರ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳು ಬಹಳ ಚರ್ಚೆಯಾದವು. ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದವರು ಹೆಚ್ಚು ಪದಗಳನ್ನು, ಅದೂ ಹೇಳಿದ ಪದಗಳನ್ನೇ ಬರೆದರು. ಕೈಯಲ್ಲಿ ಬರೆದವರು ಕಡಿಮೆ ಬರೆದರೂ ಪರಿಕಲ್ಪನೆಯ ಪ್ರಶ್ನೆಗಳಲ್ಲಿ ಮೇಲಾದರು. ವೇಗ ಹೆಚ್ಚಾದಷ್ಟೂ ಆಯ್ಕೆ ಕಡಿಮೆಯಾಗುತ್ತದೆ ಎಂಬುದು ಅವರ ವಿವರಣೆ. ಇದೇ ಪ್ರಯೋಗವನ್ನು 2019ರಲ್ಲಿ ಮೋರ್‌ಹೆಡ್ ತಂಡವೂ 2021ರಲ್ಲಿ ಅರಿ ತಂಡವೂ ಮತ್ತೆ ಮಾಡಿದಾಗ ಕೈಬರೆಹದ ಮೇಲುಗೈ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ; ಟೈಪ್ ಮಾಡಿದವರು ಮಾತನ್ನು ಇದ್ದಂತೆ ಇಳಿಸುತ್ತಾರೆಂಬ ಅಂಶ ಮಾತ್ರ ಉಳಿಯಿತು. ಪೆನ್ನೇ ಶ್ರೇಷ್ಠವೆಂದು ಪತ್ರಿಕೆಗಳಲ್ಲಿ ಬರುವ ಘೋಷಣೆಗೆ ಇಷ್ಟು ಆಧಾರ ಸಾಲದು.

ಮರುಓದು

ಬರೆದಿಟ್ಟು ಮತ್ತೆ ತೆರೆಯದ ಟಿಪ್ಪಣಿಯಿಂದ ಅರ್ಧ ಪ್ರಯೋಜನ ಮಾತ್ರ. ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ನಡೆಸಿ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಮತ್ತೆ ಕಲಿಯುವಾಗ ಉಳಿಯುವ ಶ್ರಮವನ್ನು ಅಳೆದ. ಆ ಉಳಿತಾಯ ಇಪ್ಪತ್ತು ನಿಮಿಷದ ನಂತರ ಶೇ. 58, ಒಂದು ದಿನದ ನಂತರ ಶೇ. 34, ಮೂವತ್ತೊಂದು ದಿನಗಳ ನಂತರ ಶೇ. 21ರ ಸುಮಾರಿಗೆ ಇತ್ತು. ಅರ್ಥವಿರುವ ಪಾಠ ಇಷ್ಟು ಬೇಗ ಮರೆಯುವುದಿಲ್ಲ; ಆದರೂ ಮರೆವಿನ ಹೆಚ್ಚಿನ ಪಾಲು ಮೊದಲ ದಿನವೇ ಆಗುತ್ತದೆಂಬ ಅಂಶ ನಿಲ್ಲುತ್ತದೆ. ಅಂದೇ ಸಂಜೆ ಟಿಪ್ಪಣಿ ತಿದ್ದಬೇಕೆನ್ನುವುದು ಇದಕ್ಕೆ. ಬಿಟ್ಟುಹೋದ ಪದ ತುಂಬುವುದು, ಓದಲಾಗದ ಅಕ್ಷರ ಬಿಡಿಸುವುದು ಮೂರು ದಿನದ ಮೇಲೆ ಬರೆದವನಿಗೂ ಆಗದ ಕೆಲಸ.

ಟಿಪ್ಪಣಿಯನ್ನು ಮತ್ತೆ ಮತ್ತೆ ಓದುವುದಕ್ಕಿಂತ ಅದನ್ನು ಮುಚ್ಚಿಟ್ಟು ನೆನಪಿನಿಂದ ಹೇಳಿನೋಡುವುದು ಹೆಚ್ಚು ಕಾಲ ನಿಲ್ಲುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮರುಓದಿದವರು ಮುಂದಿದ್ದರೆ ಒಂದು ವಾರದ ನಂತರ ನೆನಪಿಸಿಕೊಂಡು ಬರೆದವರು ಮುಂದಾದರು. ಪರೀಕ್ಷೆಯ ಹಿಂದಿನ ರಾತ್ರಿ ಓದುವವರಿಗೆ ಮರುಓದೇ ಸಾಕೆನಿಸುವುದು ಈ ಕಾರಣದಿಂದಲೂ ಇರಬಹುದು.

ಕರ್ನಾಟಕದ ಕಾಲೇಜುಗಳಲ್ಲಿ

ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜ ಕಾಲೇಜು, ಮಂಗಳೂರಿನ ಸಂತ ಅಲೋಶಿಯಸ್, ಧಾರವಾಡದ ಕರ್ನಾಟಕ ಕಾಲೇಜುಗಳಲ್ಲಿ ಮೊದಲಿಗೆ ಪಾಠ ನಡೆದದ್ದು ಇಂಗ್ಲಿಷಿನಲ್ಲಿ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೂ ದೀರ್ಘಕಾಲ ಹಾಗೆಯೇ ಇತ್ತು. ಕುವೆಂಪು ಅದರ ಕುಲಪತಿಯಾಗಿದ್ದಾಗ (1956–60) ಕನ್ನಡ ಮಾಧ್ಯಮಕ್ಕೆ ಒತ್ತು ಸಿಕ್ಕಿತು. ಇಂದು ಕಲಾ ವಿಷಯಗಳಲ್ಲಿ ಕನ್ನಡದ ಪಾಠ ಸಾಮಾನ್ಯ; ವಿಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯದಲ್ಲಿ ಇಂಗ್ಲಿಷೇ.

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ವಿಜ್ಞಾನ ಪಿಯುಸಿಗೆ ಬಂದವರ ಕಷ್ಟ ಬೇರೆ ಬಗೆಯದು. ಇಂಗ್ಲಿಷಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಅರ್ಥ ಮಾಡಿಕೊಂಡು ಮತ್ತೆ ಇಂಗ್ಲಿಷಿನಲ್ಲಿ ಉತ್ತರ ಬರೆಯಬೇಕು. ಇಂಥವರ ಪುಸ್ತಕಗಳಲ್ಲಿ ಬೆ‌ರಕೆ ಟಿಪ್ಪಣಿ ಕಾಣುತ್ತದೆ: ಪಾರಿಭಾಷಿಕ ಪದ ಇಂಗ್ಲಿಷಿನಲ್ಲಿ ಅಥವಾ ಕನ್ನಡ ಲಿಪಿಯಲ್ಲಿ ಬರೆದ ಇಂಗ್ಲಿಷಿನಲ್ಲಿ, ವಿವರಣೆ ಕನ್ನಡದಲ್ಲಿ. ‘ಆಸ್ಮೋಸಿಸ್ – ನೀರು ಕಡಿಮೆ ಸಾಂದ್ರತೆಯ ದ್ರಾವಣದಿಂದ ಹೆಚ್ಚಿನದಕ್ಕೆ, ಪೊರೆ ಮೂಲಕ’ ಎಂಬಂಥ ಸಾಲು ಅರೆಕಲಿಕೆಯ ಗುರುತೆಂದು ತಿಳಿಯಬೇಕಿಲ್ಲ. ತಿಳಿದದ್ದನ್ನು ತನ್ನ ಮಾತಿಗೆ ತಂದುಕೊಂಡದ್ದಕ್ಕೆ ಅದೇ ಸಾಕ್ಷಿ. ಇಂಥ ವಿದ್ಯಾರ್ಥಿಗಳಿಗಾಗಿ ಹಲವು ಕಾಲೇಜುಗಳು ವರ್ಷದ ಆರಂಭದಲ್ಲಿ ಬ್ರಿಡ್ಜ್ ಕೋರ್ಸ್ ನಡೆಸುತ್ತವೆ.

ಹೇಳಿ ಬರೆಸುವ ಪಾಠ ಪಿಯು ಮತ್ತು ಪದವಿ ತರಗತಿಗಳಲ್ಲಿ ವ್ಯಾಪಕ. ಪಠ್ಯಪುಸ್ತಕ ಸಿಗದಿರುವುದು, ಸೆಮಿಸ್ಟರಿನ ಬಿಗಿ ವೇಳಾಪಟ್ಟಿ, ತುಂಬಿದ ತರಗತಿ, ಮಾದರಿ ಉತ್ತರ ಬಯಸುವ ಪರೀಕ್ಷೆ ಇದಕ್ಕೆ ಕಾರಣಗಳು. ಹೊರಗಿನ ಭಂಡಾರದ ಕೆಲಸ ಇದರಿಂದ ಪೂರ್ತಿ ನಡೆಯುತ್ತದೆ. ಬರೆಯುವಾಗಲೇ ಅಚ್ಚಾಗುವ ಕೆಲಸ ಬಹುಮಟ್ಟಿಗೆ ನಡೆಯುವುದಿಲ್ಲ, ಏಕೆಂದರೆ ಆಯ್ಕೆಯನ್ನು ಅಧ್ಯಾಪಕರೇ ಮಾಡಿಬಿಟ್ಟಿರುತ್ತಾರೆ. ಸಿದ್ಧ ಪ್ರತಿಗಳ ವಿಷಯವೂ ಹೀಗೆಯೇ. ಪುಸ್ತಕಗಳ ಭಾಗಗಳನ್ನು ವಿದ್ಯಾರ್ಥಿಗಳಿಗಾಗಿ ಜೆರಾಕ್ಸ್ ಮಾಡಿಸುವುದು ಕೃತಿಸ್ವಾಮ್ಯದ ಉಲ್ಲಂಘನೆಯೇ ಎಂಬ ಪ್ರಶ್ನೆ ದೆಹಲಿ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಬಂದಾಗ, ದೆಹಲಿ ಹೈಕೋರ್ಟ್ 2016ರಲ್ಲಿ ಬೋಧನೆಯ ಉದ್ದೇಶಕ್ಕೆ ವಿನಾಯಿತಿ ಇದೆಯೆಂದು ಹೇಳಿತು.

ಉಪಯೋಗ

ಪರೀಕ್ಷೆಯ ತಯಾರಿಯೇ ಮುಖ್ಯ ಉಪಯೋಗ. ಸಂಶೋಧನೆ, ಪತ್ರಿಕಾ ವರದಿ, ನ್ಯಾಯಾಲಯ, ಸಭೆಯ ನಡಾವಳಿ, ಸ್ಪರ್ಧಾತ್ಮಕ ಪರೀಕ್ಷೆ ಎಲ್ಲಕ್ಕೂ ಇದೇ ಕೌಶಲ ಮುಂದುವರಿಯುತ್ತದೆ. ಶೀಘ್ರಲಿಪಿ ಮಾತ್ರ ಬೇರೆ ವಿದ್ಯೆ: ಅದರ ಗುರಿ ಒಂದು ಪದವನ್ನೂ ಬಿಡದಿರುವುದು.

ಅಂಗವೈಕಲ್ಯವಿರುವ ವಿದ್ಯಾರ್ಥಿಗಳು

2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಶ್ರವಣದೋಷ, ದೃಷ್ಟಿದೋಷ, ನಿರ್ದಿಷ್ಟ ಕಲಿಕಾ ನ್ಯೂನತೆಗಳು ಅವುಗಳಲ್ಲಿವೆ. ತುಟಿಚಲನೆ ಅಥವಾ ಸಂಜ್ಞಾಭಾಷೆಯನ್ನು ಕಣ್ಣಿನಿಂದ ಹಿಂಬಾಲಿಸುವ ವಿದ್ಯಾರ್ಥಿ ಪುಟದ ಕಡೆ ನೋಡಿದ ಗಳಿಗೆಯಲ್ಲೇ ಪಾಠ ತಪ್ಪುತ್ತದೆ. ಅವರಿಗೆ ಸಹಪಾಠಿಯ ಟಿಪ್ಪಣಿಯ ಪ್ರತಿ ಅಥವಾ ತೆರೆಯ ಮೇಲಿನ ಅಕ್ಷರರೂಪ ಬೇಕು. ಅಂಧ ವಿದ್ಯಾರ್ಥಿಗಳು ಧ್ವನಿಮುದ್ರಣದ ಜೊತೆಗೆ ಬ್ರೈಲ್ ಸ್ಲೇಟನ್ನೂ ಬಳಸುತ್ತಾರೆ. ಸ್ಲೇಟಿನಲ್ಲಿ ಚುಕ್ಕಿಗಳನ್ನು ಹಾಳೆಯ ಹಿಂಬದಿಯಿಂದ, ಬಲದಿಂದ ಎಡಕ್ಕೆ ಒತ್ತಿ, ಹಾಳೆ ತಿರುಗಿಸಿ ಎಡದಿಂದ ಬಲಕ್ಕೆ ಓದಬೇಕು. ಕನ್ನಡಕ್ಕೆ ಭಾರತೀ ಬ್ರೈಲ್ ಪದ್ಧತಿಯ ಸಂಕೇತಗಳಿವೆ.

ಇಂದಿನ ಸ್ಥಿತಿ

ವಿಶ್ವವಿದ್ಯಾಲಯ ಧನಸಹಾಯ ಆಯೋಗ 2019ರಲ್ಲಿ ಹೊರತಂದ ‘ಜೀವನ ಕೌಶಲ’ ಪಠ್ಯಕ್ರಮ ಆಲಿಸುವಿಕೆಯನ್ನು ಸಂವಹನ ಕೌಶಲಗಳಲ್ಲಿ ಸೇರಿಸಿದೆ. ಆದರೆ ಹೆಚ್ಚಿನ ವಿದ್ಯಾರ್ಥಿಗಳು ಟಿಪ್ಪಣಿ ಮಾಡುವುದನ್ನು ಯಾರಿಂದಲೂ ಕಲಿಯದೆ, ಪಕ್ಕದವರ ಪುಸ್ತಕ ನೋಡಿ ರೂಢಿಸಿಕೊಳ್ಳುತ್ತಾರೆ.

ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್, 2017ರಲ್ಲಿ ಶುರುವಾದ ಸ್ವಯಂ ತಾಣಗಳಿಂದ ಉಪನ್ಯಾಸವನ್ನು ನಿಲ್ಲಿಸಿ, ಹಿಂದೆ ಸರಿಸಿ, ವೇಗ ಬದಲಿಸಿ ಕೇಳುವುದು ಸಾಧ್ಯವಾಗಿದೆ. 2020ರ ಕೋವಿಡ್ ಕಾಲದಲ್ಲಿ ಇದು ಬಹಳಷ್ಟು ಕಾಲೇಜುಗಳಿಗೆ ಹರಡಿತು. ಮಾತಿಗೂ ಕೈಗೂ ಇರುವ ಹತ್ತುಪಟ್ಟು ಅಂತರ ಇಲ್ಲಿ ಕಾಡುವುದಿಲ್ಲ. ಬದಲಿಗೆ ಒಂದು ಗಂಟೆಯ ಪಾಠ ನಿಂತು ನಿಂತು ಎರಡು ಗಂಟೆಯಾಗುತ್ತದೆ.

ಮಾತನ್ನು ತಾನೇ ಅಕ್ಷರಕ್ಕಿಳಿಸುವ ತಂತ್ರಾಂಶಗಳು ಈಗ ಮೊಬೈಲಿನಲ್ಲಿಯೇ ದೊರೆಯುತ್ತವೆ. 2022ರಲ್ಲಿ ಬಿಡುಗಡೆಯಾದ ವಿಸ್ಪರ್ ಎಂಬ ಇಂಥ ತಂತ್ರಾಂಶದ ಭಾಷಾಪಟ್ಟಿಯಲ್ಲಿ ಕನ್ನಡವಿದೆ. ಅದೇ ವರ್ಷ ಕೇಂದ್ರ ಸರ್ಕಾರ ಭಾರತೀಯ ಭಾಷೆಗಳಿಗಾಗಿ ಭಾಷಿಣಿ ವೇದಿಕೆ ಆರಂಭಿಸಿತು. ಕನ್ನಡ–ಇಂಗ್ಲಿಷ್ ಬೆರೆತ ತರಗತಿಯ ಮಾತು, ಬೋರ್ಡಿನ ಮೇಲೆ ಬರೆದ ಸೂತ್ರ, ‘ಇದು, ಅದು’ ಎಂದು ಬೆರಳಿಟ್ಟು ತೋರಿಸಿದ ಚಿತ್ರ ಇವುಗಳಲ್ಲಿ ಈ ಸಾಧನಗಳು ಎಡವುತ್ತವೆ. ಅಕ್ಷರಕ್ಕಿಳಿದ ಪಾಠದಿಂದ ಸಾರಾಂಶ ತಯಾರಿಸುವ ಕೃತಕ ಬುದ್ಧಿಮತ್ತೆಯ ಸೇವೆಗಳನ್ನೂ ವಿದ್ಯಾರ್ಥಿಗಳು ಬಳಸತೊಡಗಿದ್ದಾರೆ. ಈ ಲೇಖನದ ವಿಂಗಡಣೆಯಲ್ಲಿ ಅಂಥ ಸಾರಾಂಶಗಳು ಸಿದ್ಧ ಪ್ರತಿಗಳ ಗುಂಪಿಗೆ ಸೇರುತ್ತವೆ. ಉಪನ್ಯಾಸವನ್ನು ಧ್ವನಿಮುದ್ರಿಸುವ ಮುನ್ನ ಅಧ್ಯಾಪಕರ ಒಪ್ಪಿಗೆ ಪಡೆಯುವುದು ಸಭ್ಯತೆಯ ಕ್ರಮ. ಭಾರತದ ಕೃತಿಸ್ವಾಮ್ಯ ಕಾಯಿದೆ (1957) ಸಾರ್ವಜನಿಕ ಭಾಷಣದ ಮೇಲೂ ಭಾಷಣಕಾರರ ಹಕ್ಕನ್ನು ಮಾನ್ಯ ಮಾಡುತ್ತದೆ.